ಪೂರ್ವಪಕ್ಷ ಕೇಳದ ಮನೆ

ಮಲೆನಾಡಿನ ಮೇಗುಂದದ ಮಳೆಗಾಲದಲ್ಲಿ ಕರೆಂಟು ಹೋದ ಮಾರನೆಯ ದಿನಕ್ಕೆ ಮೊಬೈಲ್ ಟವರೂ ಮಲಗುತ್ತದೆ. ಜಯಪುರದ ಆಚೆಗಿನ ಒಂಟಿಮನೆಗಳಲ್ಲಿ ಅದು ಯಾರಿಗೂ ದೊಡ್ಡ ಸಂಗತಿಯಲ್ಲ. ಕಳೆದ ಆಷಾಢದಲ್ಲಿ ಅಂಥದೊಂದು ಮನೆಯ ಹುಡುಗಿ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದವಳು, ಸಿಗ್ನಲ್ ಸಿಗುವ ಗುಡ್ಡದ ನೆತ್ತಿಗೆ ಸುರಿಯುವ ಮಳೆಯಲ್ಲಿ ದಿನಕ್ಕೆ ನಾಲ್ಕು ಸಲ ಹತ್ತುತ್ತಿದ್ದಳು. ಗೆಳತಿಗೆ ಕಳಿಸಿದ ಮೆಸೇಜಿಗೆ ಉತ್ತರ ಬಂದಿರಲಿಲ್ಲ. ಹಿಂದಿನ ವಾರ ಆ ಗೆಳತಿ ದೇವರಂಥವಳು. ಮೂರನೆಯ ದಿನದ ಸಂಜೆಗೆ ಅವಳಷ್ಟು ಕೆಟ್ಟವಳು ಭೂಮಿಯ ಮೇಲಿಲ್ಲ. ರಾತ್ರಿ ಊಟ ಬಿಟ್ಟು, ತಾನು ಇದ್ದು ಯಾರಿಗೆ ಬೇಕು ಎಂದು ಅಳುತ್ತ ಕೂತವಳನ್ನು ನೋಡಿ ದೊಡ್ಡಪ್ಪ ಹೇಳಿದ್ದಿಷ್ಟು: "ಎಂತದೂ ಆಗ್ಲಿಲ್ಲ ಅದ್ಕೆ. ಬರೀ ನಾಟ್ಕ."

ಆ ಮನೆಯ ಬಳಕೆ ನನಗೆ ಹಳೆಯದು. ಗುರುತು ಹತ್ತುವ ವಿವರಗಳನ್ನು ಅವಳೇ ಬದಲಿಸಿಕೊಟ್ಟು, ಬರೆಯಿರಿ ಎಂದಮೇಲೆ ಇದನ್ನು ಬರೆಯುತ್ತಿದ್ದೇನೆ. ಮನೆಯವರು ಮೊದಲು ಯಂತ್ರ ಕಟ್ಟಿಸಿದರು, ಆಮೇಲೆ ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು. ಕೊನೆಗೆ ಶಿವಮೊಗ್ಗದ ಮನೋವೈದ್ಯರೊಬ್ಬರು ಹಲವು ಭೇಟಿಗಳ ನಂತರ ಅವಳ ಸಂಕಟಕ್ಕೊಂದು ಹೆಸರು ಹೇಳಿದರು: ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್.

ಹೆಸರೇ ಗೊಂದಲದ್ದು. 1938ರಲ್ಲಿ ನ್ಯೂಯಾರ್ಕಿನ ಅಡಾಲ್ಫ್ ಸ್ಟರ್ನ್ ಎಂಬ ಮನೋವಿಶ್ಲೇಷಕ, ನ್ಯೂರೋಸಿಸ್ ಎನ್ನಲೂ ಆಗದ, ಬುದ್ಧಿಭ್ರಮಣೆಯೆನ್ನಲೂ ಬಾರದ ರೋಗಿಗಳನ್ನು ಎರಡರ ಗಡಿಯಲ್ಲಿರುವವರೆಂದು ಕರೆದ. ಆ ಗಡಿಯ ಕಲ್ಪನೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಕೊಂಡಿತು. ಅದರ ಈಗಿನ ಆವೃತ್ತಿಯ ಪ್ರಕಾರ, ಆಪ್ತರು ತನ್ನನ್ನು ಬಿಟ್ಟುಹೋಗುತ್ತಾರೆಂಬ ಭಯ, ತಾನು ಯಾರೆಂಬುದೇ ನೆಲೆನಿಲ್ಲದಿರುವುದು, ಒಳಗೆಲ್ಲ ಬರಿದೆನಿಸುವುದು, ದುಡುಕು, ಹಿಡಿತಕ್ಕೆ ಸಿಗದ ಸಿಟ್ಟು, ತನ್ನ ಮೈಗೆ ತಾನೇ ನೋವು ಮಾಡಿಕೊಳ್ಳುವುದು, ಹೀಗೆ ಒಂಬತ್ತು ಲಕ್ಷಣಗಳಲ್ಲಿ ಐದಾದರೂ ಬಹುಕಾಲದಿಂದ ಇರಬೇಕು. ಒಂದು ಮಳೆಗಾಲದ ಬೇಸರವನ್ನು ನೋಡಿ ಯಾರಿಗೂ ಈ ಹಣೆಪಟ್ಟಿ ಹಚ್ಚಬಾರದು.

ಕನ್ನಡದಲ್ಲಿ ಇದನ್ನು 'ವ್ಯಕ್ತಿತ್ವ ದೋಷ' ಎನ್ನುವವರಿದ್ದಾರೆ. ನನಗೆ ಆ ಮಾತು ಚುಚ್ಚುತ್ತದೆ. ನಮ್ಮ ಕಡೆ ದೋಷವೆಂದರೆ ಗ್ರಹದೋಷ, ಸರ್ಪದೋಷ. ಪರಿಹಾರವಾಗದಿದ್ದರೆ ಮನೆತನಕ್ಕೇ ಅಂಟುವಂಥದ್ದು. ಇಪ್ಪತ್ತು ದಾಟಿದ ಹುಡುಗಿಗೆ 'ನೀನೇ ದೋಷ' ಎಂದು ಕೇಳಿಸಿದರೆ ಮುಂದಿನ ಚಿಕಿತ್ಸೆಯ ಮಾತು ಅವಳ ಕಿವಿಗೆ ಬೀಳುವುದುಂಟೆ?

ಒಳಗೆ ನಡೆಯುವುದೇನು ಎಂಬುದನ್ನು ತಿಳಿಯಲು ತುಂಗೆಯನ್ನು ನೋಡಿದವರಿಗೆ ಕಷ್ಟವಿಲ್ಲ. ಶೃಂಗೇರಿಯಲ್ಲಿ ಹೊಳೆ ಏರಿತೆಂಬುದಕ್ಕೆ ಹೊಳೆದಂಡೆಯ ಕಪ್ಪೆ ಶಂಕರ ಮುಳುಗಿತು ಎನ್ನುವುದೇ ಸುದ್ದಿ. ಘಟ್ಟದಲ್ಲಿ ಒಂದು ರಾತ್ರಿಯ ಮಳೆಗೆ ಏರುವ ನೀರು ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಹೇಳಿದ್ದೂ ಇಂಥದ್ದೇ: ಈ ಜನರಿಗೆ ಭಾವನೆ ಬೇಗ ತಟ್ಟುತ್ತದೆ, ಬಲವಾಗಿ ತಟ್ಟುತ್ತದೆ, ನಿಧಾನವಾಗಿ ಇಳಿಯುತ್ತದೆ. ಮೈತುಂಬ ಸುಟ್ಟಗಾಯವಾದವರಿಗೆ ಮುಟ್ಟಿದರೂ ಉರಿಯುವ ಹಾಗೆ, ಇವರಿಗೆ ಮಾತಿನ ಸ್ಪರ್ಶವೂ ಉರಿ. ಹುಟ್ಟಿನಿಂದ ಬಂದ ಈ ಸೂಕ್ಷ್ಮತೆಗೆ, ನಿನಗೆ ಹಾಗೆ ಅನಿಸುವುದೇ ತಪ್ಪು ಎಂದು ಮತ್ತೆ ಮತ್ತೆ ಹೇಳುವ ಪರಿಸರ ಸೇರಿದಾಗ ಕಾಯಿಲೆ ಬೇರೂರುತ್ತದೆ ಎನ್ನುವುದು ಅವರ ವಾದ. ಬಾಲ್ಯದಲ್ಲಿ ಹಿಂಸೆ ಕಂಡವರು ಇವರಲ್ಲಿ ಬಹಳ, ಆದರೆ ಎಲ್ಲರೂ ಅಲ್ಲ. ಆದ್ದರಿಂದ "ನಾನೆಂತ ತಪ್ಪು ಮಾಡ್ದೆ ಮಾರಾಯ್ರೆ" ಎಂದು ಆ ಹುಡುಗಿಯ ತಾಯಿ ಕೇಳಿದಾಗ, ಅಪರಾಧಿಯನ್ನು ಹುಡುಕುವ ಕೆಲಸವನ್ನು ಕೈಬಿಡಿ ಎಂದೆ.

ಗಣಪತಿ ಹಬ್ಬದ ಹೊತ್ತಿಗೆ ಶೃಂಗೇರಿ ಮಠದಲ್ಲಿ ಪಂಡಿತರು ಶಾಸ್ತ್ರ ಚರ್ಚಿಸುವ ವಾಕ್ಯಾರ್ಥ ಸಭೆ ನಡೆಯುತ್ತದೆ. ಶಾಸ್ತ್ರ ಬಾರದ ನನ್ನಂಥವನಿಗೂ ಅಲ್ಲಿ ಒಂದು ಕ್ರಮ ಬೆರಗು ಹುಟ್ಟಿಸುತ್ತದೆ: ಪೂರ್ವಪಕ್ಷ. ಎದುರಾಳಿಯ ಮಾತನ್ನು ಅವನೇ ತಲೆದೂಗುವಷ್ಟು ಪೂರ್ತಿಯಾಗಿ, ಬಲವಾಗಿ ಮುಂದಿಟ್ಟಮೇಲೆಯೇ ತನ್ನ ಸಿದ್ಧಾಂತಕ್ಕೆ ಬರಬೇಕು. ಶಂಕರರ ಭಾಷ್ಯ ಸಾಗುವುದೇ ಹೀಗೆ. ನಮ್ಮ ಮನೆಗಳಲ್ಲಾದರೋ ನೇರ ಸಿದ್ಧಾಂತ. 'ಅಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ', 'ಊಟ ಬಟ್ಟೆಗೆ ಎಂತ ಕಮ್ಮಿ ಆಗಿದೆ'. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅವಳ ಪೂರ್ವಪಕ್ಷವನ್ನು ಯಾರೂ ಒಮ್ಮೆಯೂ ಎತ್ತಿ ಹೇಳಿಲ್ಲ: ಉತ್ತರ ಬಾರದ ಫೋನು ಅವಳಿಗೆ, ಸಂತೆಯಲ್ಲಿ ಅಮ್ಮನ ಕೈತಪ್ಪಿದ ಮಗುವಿನ ಭಯ. ಅದನ್ನು ಎತ್ತಿ ಹೇಳಿದ ಮಾತ್ರಕ್ಕೆ ಅವಳು ಮಾಡಿದ್ದೆಲ್ಲ ಸರಿ ಎಂದಾಗುವುದಿಲ್ಲ. ಪೂರ್ವಪಕ್ಷ ಮಂಡಿಸಿದವನು ಅಷ್ಟಕ್ಕೇ ಸೋತನೆಂದು ಯಾವ ಪಂಡಿತನೂ ತಿಳಿಯುವುದಿಲ್ಲ. ಭಯ ನಿಜವೆಂದು ಒಪ್ಪಿ, ಸಿಟ್ಟಿನಲ್ಲಿ ತಟ್ಟೆ ಎಸೆಯುವುದು ಬೇಡವೆನ್ನಲು ಬರುತ್ತದೆ. ಒಪ್ಪಿಕೊಳ್ಳುವುದು, ಬದಲಾಗುವುದು, ಇವೆರಡನ್ನೂ ಒಟ್ಟಿಗೆ ಹಿಡಿಯುವುದರ ಮೇಲೆಯೇ ಲಿನೆಹಾನ್ ತಮ್ಮ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯನ್ನು, ಅಂದರೆ ಡಿಬಿಟಿಯನ್ನು, ಕಟ್ಟಿದ್ದು. ಉಸಿರನ್ನು, ಮನಸ್ಸನ್ನು ಸುಮ್ಮನೆ ಗಮನಿಸುವ ಅಭ್ಯಾಸವನ್ನು ಝೆನ್ ಬೌದ್ಧರಿಂದ ಕಲಿತು ಅದಕ್ಕೆ ಸೇರಿಸಿದರು. 2011ರಲ್ಲಿ, ಹದಿಹರೆಯದಲ್ಲಿ ತಾವೇ ಎರಡು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿದ್ದುದನ್ನು, ತಮ್ಮ ಮೈಗೆ ಗಾಯ ಮಾಡಿಕೊಂಡಿದ್ದನ್ನು ಬಹಿರಂಗವಾಗಿ ಹೇಳಿದರು. ಅವರು ಮಾತಾಡಿದ್ದು ತಾವು ರೋಗಿಯಾಗಿದ್ದ ಅದೇ ಆಸ್ಪತ್ರೆಯಲ್ಲಿ.

ಇದು ಹೋಗದ ಕಾಯಿಲೆ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯ ಮೇರಿ ಝನರಿನಿ 290 ರೋಗಿಗಳ ಬೆನ್ನುಹತ್ತಿದರು. ಹತ್ತು ವರ್ಷದೊಳಗೆ ಅವರಲ್ಲಿ ಶೇ. 93ರಷ್ಟು ಮಂದಿಗೆ ಕನಿಷ್ಠ ಎರಡು ವರ್ಷ ಕಾಯಿಲೆಯ ಲಕ್ಷಣಗಳು ಹಿಂದೆ ಸರಿದಿದ್ದವು. ಆದರೆ ಲಕ್ಷಣ ಇಳಿದು, ಜೊತೆಗೆ ಕೆಲಸ, ಸ್ನೇಹ, ಸಂಸಾರವೂ ಕೈಗೂಡಿದವರು ಅರ್ಧದಷ್ಟೇ. ಈ ಎರಡನೆಯ ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ನೆರೆ ಇಳಿದ ಮೇಲೂ ಗದ್ದೆಯ ಮರಳು ತೆಗೆಯುವ ಕೆಲಸ ಉಳಿದೇ ಇರುತ್ತದೆ.

ಈ ಕಾಯಿಲೆಗೆಂದೇ ಇರುವ ಮಾತ್ರೆಯಿಲ್ಲ. ಜೊತೆಗೆ ಬರುವ ಖಿನ್ನತೆಗೆ, ನಿದ್ದೆಗೇಡಿಗೆ ಔಷಧಿ ಕೊಡುತ್ತಾರೆ. ಮುಖ್ಯ ಚಿಕಿತ್ಸೆ ಮಾತಿನದು, ಅದೂ ತಿಂಗಳುಗಟ್ಟಲೆ. ಬಸರೀಕಟ್ಟೆಯಿಂದಲೋ ಬಾಳೆಹೊನ್ನೂರಿನ ಆಚೆಯಿಂದಲೋ ಪ್ರತಿ ವಾರ ಶಿವಮೊಗ್ಗ, ಚಿಕ್ಕಮಗಳೂರಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ಬೆಂಗಳೂರಿನ ನಿಮ್ಹಾನ್ಸ್ ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲೇ ತೋರಿಸಿಕೊಟ್ಟಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮಾತ್ರೆ ಕೊಡುವಷ್ಟರ ಮಟ್ಟಿಗೆ ಅದು ಹಳ್ಳಿಗೆ ಬಂದಿದೆ, ಕೂತು ಮಾತು ಕೇಳುವವರು ಇನ್ನೂ ಬರಬೇಕಾಗಿದೆ. ಅಲ್ಲಿಯತನಕ, ಟವರ್ ಇದ್ದಾಗ, 14416 ಎಂಬ ಟೆಲಿ ಮಾನಸ್ ಸಂಖ್ಯೆ ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವ ತೆಗೆದುಕೊಳ್ಳಲು ಹೊರಟವರನ್ನು ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಕೇಸಿಗೆ ಹೆದರುವವರು ನಮ್ಮಲ್ಲಿ ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿರುವವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ಹೋದ ತಿಂಗಳು ಆ ಮನೆಗೆ ಹೋಗಿದ್ದೆ. ಅಮ್ಮ ಕೊಪ್ಪಕ್ಕೆ ಹೊರಟಿದ್ದರು. ಹೊಸಿಲು ದಾಟುವ ಮುಂಚೆ ಮಗಳ ಹತ್ತಿರ ನಿಂತು, "ನಾ ಹೋದ್ರೆ ನಿಂಗೆ ಎದೆ ಹೊಡ್ಕೊಳ್ತದೆ ಅಲ್ದಾ? ಐದೂಕಾಲರ ಬಸ್ಸಿಗೆ ಬರ್ತೆ. ಬಸ್ ತಪ್ಪಿದ್ರೆ ಅಂಗಡಿಯವ್ರ ಹತ್ರ ಹೇಳಿ ಕಳಿಸ್ತೆ" ಎಂದರು. ಅವಳು ಉತ್ತರ ಕೊಡಲಿಲ್ಲ. ಛತ್ರಿ ತಂದುಕೊಟ್ಟು, ಐದು ಗಂಟೆಗೇ ಗೇಟಿನ ಹತ್ತಿರ ಹೋಗಿ ನಿಂತಳು.