ಫುಟ್‌ಪಾತ್ ಬೇಕು, ಆದ್ರೆ ನಮ್ಮನೆ ಮುಂದೆ ಬೇಡ

ನಮ್ಮ ಬೀದಿಯ ವಾಟ್ಸ್ಯಾಪ್ ಗುಂಪಿನಲ್ಲಿ ವಾರಕ್ಕೊಂದು ಫುಟ್‌ಪಾತ್ ಫೋಟೋ ಖಾಯಂ. ಒಡೆದ ಚಪ್ಪಡಿ, ಬಾಯಿ ತೆರೆದ ಮೋರಿ, ಇಲ್ಲಾಂದ್ರೆ ಫುಟ್‌ಪಾತ್ ಮೇಲೇ ಹತ್ತಿಸಿಕೊಂಡು ಬರುವ ಸ್ಕೂಟರು. ಕೆಳಗೆ ಸಾಲಾಗಿ ಸಿಟ್ಟಿನ ಮುಖಗಳು. 'ಟ್ಯಾಕ್ಸ್ ಯಾಕೆ ಕಟ್ಟಬೇಕು ಸ್ವಾಮಿ?' ಅಂತ ಒಬ್ಬರು. 'ಸಿಂಗಾಪುರ ನೋಡ್ರಿ' ಅಂತ ಮೊನ್ನೆ ತಾನೇ ಮಗಳ ಮನೆಯಿಂದ ವಾಪಸು ಬಂದವರೊಬ್ಬರು. ಅಷ್ಟರಲ್ಲಿ ಯಾರೋ ಶುಭಸಂಜೆಯ ಗುಲಾಬಿ ಹಾಕ್ತಾರೆ, ವಿಷಯ ಅಲ್ಲಿಗೆ ಮುಗೀತು.

ಈ ಫೋಟೋಗಳಲ್ಲಿ ಎಂದೂ ಕಾಣದ ಒಂದು ವಸ್ತು ಇದೆ: ಫೋಟೋ ಹಾಕಿದವರ ಕಾರು. ಅದು ಫುಟ್‌ಪಾತಿಗೆ ಒತ್ತಿಕೊಂಡೇ ನಿಂತಿರುತ್ತೆ, ಫ್ರೇಮಿನಿಂದ ಸ್ವಲ್ಪ ಆಚೆಗೆ. ನನ್ನದೂ ಅಲ್ಲೇ ನಿಂತಿರುತ್ತಿತ್ತು. ಈ ಬರಹ ಆ ಕಾರಿನ ಬಗ್ಗೆ.

ನಾನಿರೋದು ಬಸವೇಶ್ವರನಗರ. ಮೆಟ್ರೋ ನಮ್ಮ ಎರಡೂ ಪಕ್ಕದಲ್ಲಿ ಹಾದು ಹೋಗಿದೆ, ನಮ್ಮ ಬಡಾವಣೆಯೊಳಗೆ ಬಂದಿಲ್ಲ. ರಾಜಾಜಿನಗರದ ಹಸಿರು ಮಾರ್ಗ ಶುರುವಾಗಿದ್ದು 2014ರಲ್ಲಿ. ಹೊಸಹಳ್ಳಿ, ವಿಜಯನಗರದ ನೇರಳೆ ಮಾರ್ಗ 2015ರಲ್ಲಿ. 2021ರಲ್ಲಿ ಅದು ಕೆಂಗೇರಿ ಮುಟ್ಟಿತು. ನಮ್ಮ ಮನೆಯಿಂದ ಹೊಸಹಳ್ಳಿ ನಿಲ್ದಾಣಕ್ಕೆ ಎರಡು ಚಿಲ್ಲರೆ ಕಿಲೋಮೀಟರ್. ನಡೆದರೆ ಅರ್ಧ ಗಂಟೆ, ಸೈಕಲ್ಲಾದರೆ ಹತ್ತು ನಿಮಿಷ. ನಾನು ಮಾಡೋದು ಇವೆರಡೂ ಅಲ್ಲ. ಆ್ಯಪ್‌ನಲ್ಲಿ ಆಟೋ ಹುಡುಕ್ತೀನಿ, ಎರಡು ಕ್ಯಾನ್ಸಲ್ ಆಗಿ ಮೂರನೆಯದು ಬರೋ ತನಕ ಗೇಟಿನ ಹತ್ತಿರ ನಿಂತಿರ್ತೀನಿ, ಆಮೇಲೆ ಟೋಲ್‌ಗೇಟ್ ಹತ್ತಿರ ಟ್ರಾಫಿಕ್‌ನಲ್ಲಿ ಕೂತು ಸರ್ಕಾರಕ್ಕೆ ಬೈತೀನಿ. ಸೈಕಲ್ ಇದೆ. ಬಾಲ್ಕನಿಯಲ್ಲಿದೆ, ಟವೆಲ್ ಒಣಗಿಸೋಕೆ ಅನುಕೂಲ.

ಕಾರಣ ಸೋಮಾರಿತನ ಅಷ್ಟೇ ಅಲ್ಲ. ಮಾಗಡಿ ರಸ್ತೆ ದಾಟೋಕೆ ಹೆದರಿಕೆ. ನಿಮ್ಮ ಕತೆಯೂ ಇದೇ ಇರಬಹುದು, ರಸ್ತೆಯ ಹೆಸರು ಮಾತ್ರ ಬೇರೆ. ಕೆಂಗೇರಿಯವರಿಗೆ ಮೈಸೂರು ರಸ್ತೆ, ರಾಜಾಜಿನಗರದವರಿಗೆ ಕಾರ್ಡ್ ರೋಡ್. ಕಾರ್ಡ್ ರೋಡಿನಲ್ಲಿ ಮಂಜುನಾಥನಗರದ, ಶಿವನಗರದ ಫ್ಲೈಓವರ್‌ಗಳು ಬಂದಿದ್ದೇ ವಾಹನಗಳು ಎಲ್ಲೂ ನಿಲ್ಲಬಾರದು ಅಂತ. ಸರಿ, ವಾಹನ ಎಲ್ಲೂ ನಿಲ್ಲದ ರಸ್ತೆಯನ್ನು ಮನುಷ್ಯ ಎಲ್ಲಿ ದಾಟಬೇಕು? ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ನಮಗೆ ಕೇಳೋಕೆ ಬರಲ್ಲ ಅಂತೇನಿಲ್ಲ. 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಸಾವಿರಾರು ಜನ ಬೀದಿಗಿಳಿದು ಮಾನವ ಸರಪಳಿ ಮಾಡಿದರು. ಮುಂದಿನ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಬೇಡ ಅನ್ನೋದನ್ನ ಈ ಊರು ಚೆನ್ನಾಗಿ ಕಲಿತಿದೆ. ಲೋಕಲ್ ರೈಲಿಗಾಗಿ ಬೇಕು ಅನ್ನೋದನ್ನೂ ಕಲಿಯಿತು. ಆದರೆ ಫುಟ್‌ಪಾತಿಗೂ ಸೈಕಲ್ ದಾರಿಗೂ ಬೇಡ–ಬೇಕುಗಳು ಸಾಲಲ್ಲ. ಯಾವ ಬೀದಿಯಲ್ಲಿ, ಎಷ್ಟು ಅಗಲ, ಯಾವ ಕಡೆ, ಯಾರ ಪಾರ್ಕಿಂಗ್ ತೆಗೆದು ಅಂತ ಹೇಳಬೇಕಾಗುತ್ತೆ. ಅಲ್ಲಿಗೆ ಬಂದಾಗ ನಮ್ಮ ನಾಲಿಗೆ ಹೊರಳಲ್ಲ.

ಜಯನಗರದಲ್ಲಿ ಏನಾಯ್ತು ನೆನಪಿದೆಯಾ? ಹತ್ತು ಹನ್ನೆರಡು ವರ್ಷದ ಹಿಂದೆ ಅಲ್ಲಿನ ರಸ್ತೆಗಳಲ್ಲಿ ಸೈಕಲ್ ಪಥ ಮಾಡಿದರು. ಅಗಲವಾದ ರಸ್ತೆಗಳು, ಮರದ ನೆರಳು, ಪಾಠ ಪ್ರವಚನಕ್ಕೆ ಹೋಗುವ ಮಕ್ಕಳು, ಎಲ್ಲಾ ಇತ್ತು. ಕೆಲವೇ ದಿನದಲ್ಲಿ ಆ ಪಥ ಅಚ್ಚುಕಟ್ಟಾದ ಪಾರ್ಕಿಂಗ್ ಸಾಲಾಯ್ತು. ಗೆರೆ ಎಳೆಯೋದು ಸುಲಭ. ಆ ಗೆರೆಯ ಒಳಗೆ ಆಗಲೇ ನಿಂತಿದ್ದ ಕಾರುಗಳು ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆಗೆ ಉತ್ತರ ಇರಲಿಲ್ಲ. 2020ರಲ್ಲಿ ಸಿಲ್ಕ್ ಬೋರ್ಡ್–ಕೆ.ಆರ್. ಪುರ ನಡುವಿನ ರಿಂಗ್ ರೋಡಿನಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯ, ಅದೇ ನಾವು ಡಲ್ಟ್ ಅನ್ನೋದು, ಕಂಬ ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿತು. ಮೆಟ್ರೋ ಕಾಮಗಾರಿ ಶುರುವಾದಾಗ ಅದು ಹೋಯ್ತು. ರಸ್ತೆ ಇಕ್ಕಟ್ಟಾದರೆ ಮೊದಲು ಜಾಗ ಖಾಲಿ ಮಾಡಬೇಕಾದವನು ಯಾವಾಗಲೂ ಸೈಕಲ್ಲಿನವನೇ.

ಇದಕ್ಕೆ ಎದುರಾಗಿ ಪಕ್ಕದ ಮಲ್ಲೇಶ್ವರ ನೋಡಿ. ಮನೆಗಳ ಹಿಂದಿನ ಹಳೆಯ ಕನ್ಸರ್ವೆನ್ಸಿ ಓಣಿಗಳು ಕಸದ ತೊಟ್ಟಿಯಾಗಿದ್ದವು. ಅಲ್ಲಿನ ನಿವಾಸಿಗಳು, ಐಐಎಸ್‌ಸಿಯ ಸಾರಿಗೆ ತಜ್ಞರು ಮತ್ತು ಡಲ್ಟ್ ಸೇರಿ ಕೆಲವನ್ನು ಶುಚಿ ಮಾಡಿ, ಬಣ್ಣ ಬಳಿದು, ನಡೆಯುವ ದಾರಿ ಮಾಡಿಕೊಂಡರು. ಸಣ್ಣ ಕೆಲಸ, ನಿಜ. ಆದರೆ ಪಕ್ಕದ ಮನೆಯವರು ತಾವೇ ಕೂತು ಬರೆದ ನಕ್ಷೆಯನ್ನು ಕಾಯೋದಕ್ಕೆ ಪೊಲೀಸರು ಬೇಕಾಗಲ್ಲ.

ಅದನ್ನು ನೋಡಿ ಹುರುಪು ಬಂದು, ಕಳೆದ ವರ್ಷ ನಾವು ಒಂಬತ್ತು ಜನ ಒಂದು ಭಾನುವಾರ ಬೆಳಗ್ಗೆ ಟೇಪು ಹಿಡಿದು ಮನೆಯಿಂದ ಹೊಸಹಳ್ಳಿ ಮೆಟ್ರೋ ತನಕ ನಡೆದೆವು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಮನೆಗಳಿರುವ ಬೀದಿಯಲ್ಲೂ ಫುಟ್‌ಪಾತ್ ಮೇಲೆ ಅಡ್ಡಿಯಿಲ್ಲದೆ ನಡೆಯೋಕೆ ಕನಿಷ್ಠ 1.8 ಮೀಟರ್ ಬಿಡಬೇಕು. ಎರಡು ವೀಲ್‌ಚೇರ್ ಎದುರುಬದುರಾದರೆ ಹೋಗುವಷ್ಟು. ನಮಗೆ ಸಿಕ್ಕಿದ್ದು ಟ್ರಾನ್ಸ್‌ಫಾರ್ಮರ್, ಮರದ ಬೇರು, ಜನರೇಟರ್, ಮತ್ತು ಮನೆಮನೆಗೂ ಒಂದೊಂದು ರಾಂಪ್. ಆ ರಾಂಪ್‌ಗಳಲ್ಲಿ ಒಂದು ನಮ್ಮ ಮನೆಯದು. ಟೇಪು ಹಿಡಿದ ಕೈ ಸ್ವಲ್ಪ ಬಿಗಿ ತಪ್ಪಿತು.

ಮಾಗಡಿ ರಸ್ತೆಯ ಬದಿ ಹೂ ಮಾರುವ ಒಬ್ಬರು ಅಮ್ಮ ನಮ್ಮನ್ನ ನೋಡಿ ಗಾಬರಿಯಾದರು. "ಏನ್ ಅಳೀತಿದೀರಪ್ಪಾ? ಅಂಗಡಿ ಎತ್ತಿಸ್ತಾರಾ?"

ಟೇಪು ಅಂದರೆ ಅವರಿಗೆ ಅದೇ ಅರ್ಥ. ಇಲ್ಲಮ್ಮಾ, ಜನ ಎಲ್ಲಿ ರಸ್ತೆ ದಾಟ್ತಾರೆ ಅಂತ ನೋಡ್ತಿದೀವಿ ಅಂದೆ. ಅವರು ನಕ್ಕರು. "ಅಗೋ, ಅಲ್ಲಿ ಪಟ್ಟೆ ಬಳ್ದವ್ರೆ. ಅಲ್ಲಿ ಬಸ್ಸು ತಿರುಗ್ತದೆ, ಯಾರೂ ದಾಟಾಕಿಲ್ಲ. ನಾವೆಲ್ಲ ಈ ಸಂದೀಲೇ ದಾಟೋದು. ರಾತ್ರಿ ಲೈಟು ಇರೋದೂ ಇಲ್ಲೊಂದೇ ಕಡೆ."

ಎರಡು ತಿಂಗಳು ನಾವು ಗೂಗಲ್ ಮ್ಯಾಪ್ ಮೇಲೆ ಹಾಕಿದ ಚುಕ್ಕೆಗಳಲ್ಲಿ ಈ ಮಾಹಿತಿ ಇರಲಿಲ್ಲ. ಆ ಅಮ್ಮ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿಲ್ಲ. ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸರೂ ಇಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಿಂದ ಸಂಜೆ ಶಿಫ್ಟ್ ಮುಗಿಸಿ ಗುಂಪುಗುಂಪಾಗಿ ನಡೆದು ಹೋಗುವವರು ಯಾವ ಗುಂಪಿನಲ್ಲೂ ಇಲ್ಲ. ನಾವು 'ಬೆಂಗಳೂರಲ್ಲಿ ಸೈಕಲ್ ತುಳಿಯೋರು ಯಾರಿದ್ದಾರೆ' ಅಂತ ಕೇಳ್ತೀವಿ. ಬೆಳಗ್ಗೆ ಪೇಪರ್ ಹಾಕುವ ಹುಡುಗ, ನೈಟ್ ಡ್ಯೂಟಿ ಮುಗಿಸಿದ ಸೆಕ್ಯೂರಿಟಿಯವರು, ಗಾರೆ ಕೆಲಸದವರು ದಿನಾ ತುಳೀತಾರೆ. ನಮ್ಮ ಕಣ್ಣಿಗೆ ಅವರು ಸೈಕ್ಲಿಸ್ಟ್‌ಗಳಲ್ಲ. ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ನಂದಿ ಬೆಟ್ಟಕ್ಕೆ ಹೋಗುವವನು ಸೈಕ್ಲಿಸ್ಟ್.

ಹಾಗಾಗಿ 'ಜನಾಭಿಪ್ರಾಯ' ಅನ್ನೋ ಪದ ಕೇಳಿದಾಗೆಲ್ಲ ನನಗೆ ಅನುಮಾನ. ಒಮ್ಮೆ ನಮ್ಮ ಕಡೆಯ ಒಂದು ರಸ್ತೆಗಾಗಿ ಇಂಥ ಸಭೆ ಕರೆದಿದ್ದರು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ. ಸ್ಲೈಡುಗಳೆಲ್ಲ ಇಂಗ್ಲಿಷಿನಲ್ಲಿ. ಟೆಂಡರ್ ಆಗಲೇ ಆಗಿತ್ತು. ಬಂದಿದ್ದ ಹದಿನೈದು ಜನರಲ್ಲಿ ನಡೆದು ಬಂದವರು ಯಾರು ಅಂತ ಕೇಳಿದ್ದರೆ ಒಂದು ಕೈಯೂ ಏಳುತ್ತಿರಲಿಲ್ಲ. ನಾನೂ ಆಟೋದಲ್ಲಿ ಹೋಗಿದ್ದೆ.

ಇನ್ನು ನಮ್ಮದೇ ನಕ್ಷೆಯ ಕತೆ. ಅಳೆದು ಬಂದ ಮೇಲೆ ಬೀದಿಯವರನ್ನೆಲ್ಲ ಸೇರಿಸಿದೆವು. ಒಂದು ಪಕ್ಕದ ಪಾರ್ಕಿಂಗ್ ತೆಗೆದರೆ ಮೆಟ್ರೋ ತನಕ ನಡೆಯೋಕೂ ಸೈಕಲ್ಲಿಗೂ ದಾರಿ ಆಗುತ್ತೆ ಅಂತ ತೋರಿಸಿದೆ. ಎದುರು ಮನೆಯ ಅಂಕಲ್ ತುಂಬಾ ಒಳ್ಳೆಯವರು, ನನಗೆ ಚಿಕ್ಕಂದಿನಿಂದ ಗೊತ್ತು. ಅವರಂದರು: "ಬಹಳ ಚೆನ್ನಾಗಿದೆ ಕಣಪ್ಪಾ. ಆದ್ರೆ ನಮ್ಮ ಬೀದೀಲಿ ಬೇಡ, ಪಕ್ಕದ ಕ್ರಾಸ್‌ನಲ್ಲಿ ಮಾಡ್ಸಿ." ಪಕ್ಕದ ಕ್ರಾಸಿನವರು ಅದರ ಪಕ್ಕದ ಕ್ರಾಸ್ ತೋರಿಸಿದರು. ನಕ್ಷೆಯ ಮೇಲಿನ ಗೆರೆ ಹೀಗೆ ಎತ್ತಂಗಡಿ ಆಗ್ತಾ ಆಗ್ತಾ ಕೊನೆಗೆ ಪಾರ್ಕಿನೊಳಗೆ ಹೋಗಿ ಸೇರಿತು. ಅಲ್ಲಿ ವಾಕಿಂಗ್ ಟ್ರ್ಯಾಕ್ ಮೊದಲೇ ಇದೆ. ಎಲ್ಲರಿಗೂ ಒಪ್ಪಿಗೆ. ಸುತ್ತು ಹೊಡೆದು ಹೊರಟಲ್ಲಿಗೇ ವಾಪಸು ಬರುವ ದಾರಿಗೆ ಯಾರ ತಕರಾರೂ ಇರಲ್ಲ.

ಒಂದು ಕಾರು ನಿಲ್ಲೋಕೆ ಬೇಕಾದ ಜಾಗ ಹೆಚ್ಚೂಕಡಿಮೆ ಹತ್ತು ಅಡಿಗೆ ಹತ್ತು ಅಡಿಯ ಒಂದು ರೂಮು. ಅಂಥ ರೂಮು ಬಾಡಿಗೆಗೆ ಕೇಳಿಕೊಂಡು ಬಂದ ಹುಡುಗನ ಹತ್ತಿರ ನಾವು ಹತ್ತು ತಿಂಗಳ ಅಡ್ವಾನ್ಸ್ ಕೇಳ್ತೀವಿ. ಮನೆ ಪ್ಲಾನಿನಲ್ಲಿ ಪಾರ್ಕಿಂಗ್ ಅಂತ ತೋರಿಸಿದ ಜಾಗದಲ್ಲಿ ಅಂಗಡಿ ಕಟ್ಟಿ ಬಾಡಿಗೆ ಎಣಿಸ್ತೀವಿ. ರಸ್ತೆಯ ಮೇಲಿನ ಹತ್ತು ಬೈ ಹತ್ತು ಮಾತ್ರ ನಮಗೆ ಪುಕ್ಕಟೆ ಬೇಕು. ಬೆಂಗಳೂರಿಗೆ ಅಂತ ಮಾಡಿದ ಪಾರ್ಕಿಂಗ್ ನೀತಿ 2.0, ಮನೆ ಮುಂದೆ ರಸ್ತೆಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕಿಷ್ಟು ಕೊಟ್ಟು ಪರ್ಮಿಟ್ ತಗೊಳ್ಳಲಿ ಅಂದಿತು. ಆಗ ಎದ್ದ ಗಲಾಟೆ ನೋಡಬೇಕಿತ್ತು. ಹೂವಿನ ಬುಟ್ಟಿ ಇಟ್ಟರೆ ಒತ್ತುವರಿ. ಕಾರು ನಿಲ್ಲಿಸಿದರೆ ಹಕ್ಕು.

'ನಾವೇನು ಆಮ್‌ಸ್ಟರ್‌ಡ್ಯಾಮಾ?' ಅಂತ ಕೇಳುವವರಿಗೆ ಒಂದು ಮಾತು. ಆಮ್‌ಸ್ಟರ್‌ಡ್ಯಾಮೂ ಹುಟ್ಟುತ್ತಲೇ ಆಮ್‌ಸ್ಟರ್‌ಡ್ಯಾಂ ಆಗಿರಲಿಲ್ಲ. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಮಕ್ಕಳನ್ನು ಕೊಲ್ಲೋದು ನಿಲ್ಲಿಸಿ ಅಂತ ರಸ್ತೆಗೆ ಬಂದು ಕೂತರು. ಈಗಿನ ಸೈಕಲ್ ದಾರಿಗಳ ಹಿಂದೆ ಆ ಸಿಟ್ಟಿದೆ. ನಮ್ಮೂರಲ್ಲೂ ಪ್ರತಿ ವರ್ಷ ನೂರಾರು ಜನ ನಡೆಯುವಾಗಲೇ ಸಾಯ್ತಾರೆ. ನಮಗೆ ಅದು ಪೇಪರಿನ ಒಳಪುಟದ ಸುದ್ದಿ.

'ಎಲ್ಲರನ್ನೂ ಕೇಳ್ತಾ ಕೂತ್ರೆ ಕೆಲಸ ಆಗಲ್ಲ' ಅನ್ನೋದು ಇನ್ನೊಂದು ವಾದ. ಕೇಳದೆ ಮಾಡಿದ್ದು ಎಷ್ಟು ಸಲ ಅಗೆದು ಎಷ್ಟು ಸಲ ಮುಚ್ಚಿದ್ದೀವಿ ಅಂತ ನಿಮ್ಮ ಬೀದಿಯನ್ನೇ ನೋಡಿ ಲೆಕ್ಕ ಹಾಕಿ.

ಕೇಳೋದಕ್ಕೆ ಜಾಗ ಇಲ್ಲ ಅನ್ನೋದು ಮಾತ್ರ ನಿಜ. ಪಾಲಿಕೆಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗೀತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಪಶ್ಚಿಮ ಪಾಲಿಕೆಗೆ ಸೇರಿದವು. ಇದನ್ನು ಬರೆಯುವ ಹೊತ್ತಿಗೂ ನಮಗೊಬ್ಬ ಕಾರ್ಪೊರೇಟರ್ ಇಲ್ಲ. ನಡೆಯುವವರ, ಸೈಕಲ್ ತುಳಿಯುವವರ ಹಕ್ಕಿಗೆ ಅಂತ ಡಲ್ಟ್ ಬರೆದ ಮಸೂದೆ ವರ್ಷಗಳಿಂದ ಕರಡಾಗಿಯೇ ಕೂತಿದೆ. ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಹಕ್ಕು ದೆಹಲಿಯಿಂದ ಬಂತು, ಅದನ್ನ ಚಲಾಯಿಸೋಕೆ ನಮ್ಮ ವಾರ್ಡಿನಲ್ಲಿ ಒಂದು ಮೇಜು ಕುರ್ಚಿ ಇಲ್ಲ.

ಈ ಹೊತ್ತಿನಲ್ಲೇ ಮಾತಾಡಬೇಕಾದ ಕಾರಣ ಇದೆ. ಮೆಟ್ರೋ ಮೂರನೇ ಹಂತಕ್ಕೆ ಕೇಂದ್ರ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. 44.65 ಕಿ.ಮೀ., 15,611 ಕೋಟಿ ರೂಪಾಯಿ. ಒಂದು ದಾರಿ ಜೆ.ಪಿ. ನಗರದಿಂದ ರಿಂಗ್ ರೋಡ್ ಗುಂಟ ಕೆಂಪಾಪುರಕ್ಕೆ, ಇನ್ನೊಂದು ಹೊಸಹಳ್ಳಿಯಿಂದ ಮಾಗಡಿ ರಸ್ತೆ ಗುಂಟ ಕಡಬಗೆರೆಗೆ. ನಮ್ಮ ಪಶ್ಚಿಮ ಬೆಂಗಳೂರಿನ ಎದೆಯ ಮೇಲೇ ಎರಡೂ. ನಿಲ್ದಾಣಗಳ ಕಂಬ ಏಳುವ ಮೊದಲು ಅಲ್ಲಿಗೆ ನಡೆಯುವ ದಾರಿಯ ನಕ್ಷೆ ಬರೆಯಬೇಕು. ಕಂಬ ಎದ್ದ ಮೇಲೆ ಉಳಿದ ಜಾಗವೇ ಫುಟ್‌ಪಾತ್ ಆಗುತ್ತೆ. ಅದು ಹೇಗಿರುತ್ತೆ ಅಂತ ಮಾಗಡಿ ರಸ್ತೆಯಲ್ಲಿ ಒಂದು ಸಲ ನಡೆದವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ನನ್ನ ಬೇಡಿಕೆ ಸರ್ಕಾರದ ಹತ್ತಿರ ಒಂದು, ನಮ್ಮ ಹತ್ತಿರ ಒಂದು. ಸರ್ಕಾರ ಟೆಂಡರ್‌ಗೆ ಮೊದಲು ಸಭೆ ಕರೀಲಿ. ಭಾನುವಾರ, ಕನ್ನಡದಲ್ಲಿ, ರಸ್ತೆಯ ಮೇಲೇ, ಹೂವಿನ ಅಂಗಡಿ ಪಕ್ಕದಲ್ಲೇ. ನಾವು ಆ ಸಭೆಗೆ ಹೋಗುವಾಗ ಏನು ಬೇಕು ಅನ್ನೋ ಪಟ್ಟಿಯ ಜೊತೆ ಏನು ಬಿಟ್ಟುಕೊಡ್ತೀವಿ ಅನ್ನೋದನ್ನೂ ಬರೆದುಕೊಂಡು ಹೋಗೋಣ.

ನಾನು ನನ್ನ ಕಾರನ್ನು ಎರಡು ಕ್ರಾಸ್ ಆಚೆ ಒಂದು ಖಾಲಿ ಸೈಟಿನಲ್ಲಿ ತಿಂಗಳ ಬಾಡಿಗೆಗೆ ನಿಲ್ಲಿಸೋಕೆ ಶುರು ಮಾಡಿದೆ. ದೊಡ್ಡ ತ್ಯಾಗ ಮಾಡಿದ ಖುಷಿಯಲ್ಲಿ ಮಾರನೇ ದಿನ ಎದ್ದು ನೋಡಿದರೆ, ನಮ್ಮ ಗೇಟಿನ ಮುಂದೆ ಪಕ್ಕದ ಮನೆಯವರ ಎರಡನೇ ಕಾರು ನಿಂತಿತ್ತು. ಜಗಳ ಆಡಲಿಲ್ಲ. ಒಬ್ಬ ಒಳ್ಳೆಯವನಾದರೆ ಸಾಲಲ್ಲ, ಬೀದಿಗೆ ಬೀದಿಯೇ ಕೂತು ಒಪ್ಪಿಕೊಂಡ ಒಂದು ಗೆರೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬರುವ ಭಾನುವಾರ ಮತ್ತೆ ಟೇಪು ಹಿಡಿದು ಹೊರಡ್ತಿದೀವಿ. ಈ ಸಲ ಮೊದಲು ಹೋಗೋದು ಆ ಹೂವಿನ ಅಮ್ಮನ ಹತ್ತಿರ. ಪಕ್ಕದ ಮನೆಯವರನ್ನೂ ಕರೆದಿದ್ದೀನಿ. ನಡೆದೇ ಬರ್ತೀನಿ ಅಂದಿದ್ದಾರೆ.