ಲಂಡನ್ ಫ್ಲ್ಯಾಟಿನ ಯಜಮಾನ ಯಾರು?

ನೌಕರಿಗೆಂದು ಇಂಗ್ಲೆಂಡಿಗೆ ಹೋಗಿ ಅಲ್ಲೇ ನೆಲೆನಿಂತ ಕನ್ನಡಿಗರಲ್ಲಿ ಹಲವರು ಮೊದಲು ಕೊಳ್ಳುವುದು ಫ್ಲ್ಯಾಟನ್ನು. ಕೊಳ್ಳುವ ಮುನ್ನ ಅವರು ಕೇಳುವ ಪ್ರಶ್ನೆಗಳು ಬೆಂಗಳೂರಿನಲ್ಲಿ ಕೇಳುವಂಥವೇ: ಬೆಲೆ ಸರಿಯಾಗಿದೆಯೇ, ಬ್ಯಾಂಕ್ ಸಾಲ ಎಷ್ಟು ಸಿಗುತ್ತದೆ, ಸ್ಟಾಂಪ್ ಡ್ಯೂಟಿ ಎಷ್ಟಾಗುತ್ತದೆ, ದಾಖಲೆಗಳು ಸ್ವಚ್ಛವಾಗಿವೆಯೇ. ಇವೆಲ್ಲಕ್ಕಿಂತ ಮೊದಲು ಅಲ್ಲಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ? ಪೂರ್ತಿ ಬೆಲೆ ತೆತ್ತು ಮನೆ ಕೊಂಡವರು ಈ ಪ್ರಶ್ನೆ ಕೇಳಬೇಕಾಗಿ ಬಂದಿರುವುದೇ ಅನ್ಯಾಯ ಎಂಬುದು ನನ್ನ ವಾದ. ಫ್ಲ್ಯಾಟುಗಳ ಮಟ್ಟಿಗೆ ಲೀಸ್‌ಹೋಲ್ಡ್ ಪದ್ಧತಿಯನ್ನು ಇಂಗ್ಲೆಂಡ್ ಇನ್ನು ಉಳಿಸಿಕೊಳ್ಳಬಾರದು.

1925ರ ಆಸ್ತಿ ಕಾನೂನಿನ ಪ್ರಕಾರ ಅಲ್ಲಿ ಭೂಮಿಯ ಮೇಲೆ ಎರಡೇ ಬಗೆಯ ಒಡೆತನ. ಫ್ರೀಹೋಲ್ಡ್‌ಗೆ ಕಾಲಮಿತಿ ಇಲ್ಲ. ಲೀಸ್‌ಹೋಲ್ಡ್‌ಗೆ 99, 125 ಅಥವಾ 999 ಹೀಗೆ ವರ್ಷಗಳ ಲೆಕ್ಕ. ಫ್ಲ್ಯಾಟುಗಳು ಹೆಚ್ಚುಕಡಿಮೆ ಎಲ್ಲವೂ ಎರಡನೆಯ ಗುಂಪಿನವು. ಇಂಗ್ಲೆಂಡೊಂದರಲ್ಲೇ ಸುಮಾರು 50 ಲಕ್ಷ ಮನೆಗಳು ಹೀಗಿವೆ. ಕರ್ನಾಟಕದಲ್ಲಿ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯಡಿ ಫ್ಲ್ಯಾಟಿನ ಜೊತೆ ನೆಲದಲ್ಲಿ ಅವಿಭಜಿತ ಪಾಲೂ ಬರುತ್ತದೆ. ಕಟ್ಟಡ ನೋಡಿಕೊಳ್ಳುವ ಸಂಘದ ಜಗಳಗಳೇನೇ ಇರಲಿ, ಸಂಘ ನಿವಾಸಿಗಳದೇ. ಇಂಗ್ಲೆಂಡಿನ ಲೀಸುದಾರನಿಗೆ ಸಾಮಾನ್ಯವಾಗಿ ನೆಲದಲ್ಲೂ ಪಾಲಿಲ್ಲ, ಗೋಡೆ ಸೂರುಗಳಲ್ಲೂ ಪಾಲಿಲ್ಲ. ಅವು ಫ್ರೀಹೋಲ್ಡರ್‌ನವು. ಆತ ಒಂದು ಹೂಡಿಕೆ ಕಂಪನಿಯಾಗಿರಬಹುದು, ಕಟ್ಟಡವನ್ನು ಒಮ್ಮೆಯೂ ಕಣ್ಣಾರೆ ಕಂಡಿರದೆಯೂ ಇರಬಹುದು.

ವರ್ಷಗಳು ಕರಗಿದಂತೆ ಏನಾಗುತ್ತದೆಂಬುದನ್ನು ಒಂದು ಲೆಕ್ಕದಲ್ಲೇ ನೋಡೋಣ. ದೀರ್ಘ ಲೀಸಿದ್ದರೆ 3,00,000 ಪೌಂಡ್ ಬಾಳುವ ಫ್ಲ್ಯಾಟೊಂದರ ಲೀಸು 75 ವರ್ಷಕ್ಕಿಳಿದಿದೆ, ಮಾರುಕಟ್ಟೆ ಬೆಲೆ 2,75,000ಕ್ಕೆ ಕುಸಿದಿದೆ ಎಂದುಕೊಳ್ಳಿ. 1993ರ ಕಾಯ್ದೆಯ ಪ್ರಕಾರ ಲೀಸುದಾರ ಇನ್ನೂ 90 ವರ್ಷ ಸೇರಿಸಿಕೊಡಿ ಎಂದು ಹಕ್ಕಿನಿಂದ ಕೇಳಬಹುದು, ಆದರೆ ಹಣ ತೆರಬೇಕು. ಫ್ರೀಹೋಲ್ಡರ್‌ಗೆ ಮುಂದೆಂದೋ ಮರಳಿ ಬರಬೇಕಿದ್ದ ಫ್ಲ್ಯಾಟಿನ ಇಂದಿನ ಮೌಲ್ಯ ಮತ್ತು ಲೀಸುದಾರ ನೆಲಕ್ಕಾಗಿ ವರ್ಷವರ್ಷ ತೆರುವ, ಇನ್ನು ಕೈತಪ್ಪುವ ನೆಲಬಾಡಿಗೆ ಸೇರಿ 10,000 ಪೌಂಡ್ ಆಯಿತೆನ್ನೋಣ. ಅದು ನ್ಯಾಯವಾದ ಪರಿಹಾರವೇ. ಆದರೆ ಲೀಸು 80 ವರ್ಷಕ್ಕಿಂತ ಕೆಳಗಿಳಿದಿದ್ದರೆ ಕಾನೂನು ಅಲ್ಲಿಗೆ ನಿಲ್ಲುವುದಿಲ್ಲ. ವಿಸ್ತರಣೆಯಿಂದ ಹೆಚ್ಚಿದ 25,000ದಲ್ಲಿ ಆ 10,000 ಕಳೆದು ಉಳಿದ 15,000ಕ್ಕೆ ಮ್ಯಾರೇಜ್ ವ್ಯಾಲ್ಯೂ ಎಂದು ಹೆಸರಿಟ್ಟು ಅದರಲ್ಲಿ ಅರ್ಧವನ್ನೂ ಫ್ರೀಹೋಲ್ಡರ್‌ಗೇ ಕೊಡಿಸುತ್ತದೆ. ಒಟ್ಟು 17,500. ಇದರ ಮೇಲೆ ಎರಡೂ ಕಡೆಯ ವಕೀಲರ ಮತ್ತು ಮೌಲ್ಯಮಾಪಕರ ಖರ್ಚನ್ನು ಬಹುಮಟ್ಟಿಗೆ ಲೀಸುದಾರನೇ ಹೊರುತ್ತಾನೆ. 81 ವರ್ಷವಿದ್ದಾಗ ಕೊಂಡು ಎರಡು ವರ್ಷ ಸುಮ್ಮನಿದ್ದವನು ಏನೂ ತಪ್ಪು ಮಾಡದೆ ಈ ದಂಡ ಕಟ್ಟುತ್ತಾನೆ. ಲೀಸು ಇನ್ನೂ ಕಿರಿದಾದರೆ ಅನೇಕ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ, ಮಾರಲು ಹೊರಟರೆ ಗಿರಾಕಿ ಸಿಗುವುದು ಕಷ್ಟವಾಗುತ್ತದೆ.

ನೆಲಬಾಡಿಗೆಯದು ಇನ್ನೊಂದು ಕಥೆ. ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತನ್ನು ಕೆಲವು ಬಿಲ್ಡರುಗಳು ಲೀಸಿಗೆ ಸೇರಿಸಿದ್ದರು. ವರ್ಷಕ್ಕೆ 295 ಪೌಂಡಿನಿಂದ ಶುರುವಾದ ಬಾಡಿಗೆ ಆ ಲೆಕ್ಕದಲ್ಲಿ 50 ವರ್ಷಕ್ಕೆ 9,440 ಆಗುತ್ತದೆ. ಪ್ರತಿಯಾಗಿ ಸಿಗುವ ಸೇವೆ ಒಂದೂ ಇಲ್ಲ. 2022ರ ಜೂನ್ 30ರಿಂದ ಬರೆದ ಹೊಸ ಲೀಸುಗಳಲ್ಲಿ ನೆಲಬಾಡಿಗೆಯನ್ನು ಕಾಯ್ದೆಯೊಂದು ಸೊನ್ನೆಗಿಳಿಸಿತು, ಆದರೆ ಹಳೆಯ ಲೀಸುಗಳಿಗೆ ಆ ಕಾಯ್ದೆ ತಟ್ಟಲಿಲ್ಲ. ಕಟ್ಟಡದ ಪಾಲನೆಗೆಂದು ಲೀಸುದಾರರಿಂದ ವಸೂಲು ಮಾಡುವ ಸರ್ವಿಸ್ ಚಾರ್ಜ್ ಪ್ರಶ್ನಿಸಲು 1985ರ ಕಾಯ್ದೆ ದಾರಿ ಕೊಟ್ಟಿದೆ: ಖರ್ಚು ಸಮಂಜಸವಾಗಿರಬೇಕು, ದುರಸ್ತಿಯೊಂದಕ್ಕೆ ಒಬ್ಬ ಲೀಸುದಾರನ ಪಾಲು 250 ಪೌಂಡ್ ಮೀರುವುದಾದರೆ ಮೊದಲೇ ಸಮಾಲೋಚನೆ ಆಗಬೇಕು, ತಕರಾರಿದ್ದರೆ ಟ್ರಿಬ್ಯೂನಲ್ಲಿಗೆ ಹೋಗಬಹುದು. ಆದರೂ ಗುತ್ತಿಗೆದಾರನನ್ನು, ವಿಮಾ ಕಂಪನಿಯನ್ನು ಆರಿಸುವವನು ಒಬ್ಬ, ದುಡ್ಡು ಕೊಡುವವನು ಇನ್ನೊಬ್ಬ. ಬಾಕಿ 350 ಪೌಂಡ್ ದಾಟಿದರೆ ಅಥವಾ ಮೂರು ವರ್ಷಕ್ಕಿಂತ ಹಳೆಯದಾದರೆ ಲೀಸನ್ನೇ ಕಿತ್ತುಕೊಳ್ಳಲು ಕೋರ್ಟಿನ ಮೊರೆ ಹೋಗುವ ಹಕ್ಕು ಫ್ರೀಹೋಲ್ಡರ್‌ಗಿದೆ. ಅಲ್ಲಿಯವರೆಗೆ ಹೋಗುವ ಪ್ರಕರಣಗಳು ವಿರಳ ನಿಜ, ಆದರೆ ಆ ಬೆದರಿಕೆ ಇರುವವರೆಗೆ ಮಾತುಕತೆ ಸಮಬಲರ ನಡುವೆ ನಡೆಯುವುದಿಲ್ಲ.

ಓದಿ ಸಹಿ ಹಾಕಿದ ಮೇಲೆ ದೂರುವುದೇಕೆ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಇಂಗ್ಲೆಂಡಿನಲ್ಲಿ ಕಾಂಟ್ರಾಕ್ಟ್ ವಿನಿಮಯವಾಗುವ ತನಕ ಕೊಳ್ಳುವವನೂ ಮಾರುವವನೂ ಹಿಂದೆ ಸರಿಯಬಹುದು, ಸಾಲಿಸಿಟರ್ ಲೀಸನ್ನು ಓದಿ ವರದಿ ಕೊಡುತ್ತಾನೆ. ಅಷ್ಟರ ಮಟ್ಟಿಗೆ ಆಕ್ಷೇಪ ಸರಿ. ಆದರೆ ಆಯ್ಕೆ ಇದ್ದಲ್ಲಿ ಮಾತ್ರ ಒಪ್ಪಿಗೆಗೆ ತೂಕ. ಲಂಡನ್ನಿನಲ್ಲಿ ಫ್ಲ್ಯಾಟು ಕೊಳ್ಳುವ ಶಕ್ತಿ ಮಾತ್ರ ಇರುವವರಿಗೆ ಲೀಸ್‌ಹೋಲ್ಡ್ ಬಿಟ್ಟರೆ ಬೇರೆ ಸರಕು ಮಾರುಕಟ್ಟೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದರ ಮೇಲೆ, ಬಿಲ್ಡರನೇ ಸೂಚಿಸಿದ ಸಾಲಿಸಿಟರ್, ಇಷ್ಟು ದಿನದೊಳಗೆ ಮುಗಿಸಬೇಕೆಂಬ ಗಡುವು, ಆಗಲೇ ಕೊಟ್ಟ ಮುಂಗಡ. ಇವುಗಳ ನಡುವೆ ಹತ್ತಾರು ಪುಟಗಳ ಲೀಸಿನಲ್ಲಿ ಐವತ್ತು ವರ್ಷ ಮುಂದಿನ ಬಾಡಿಗೆಯ ಸಾಲು ಕಣ್ಣಿಗೆ ಬೀಳದಿದ್ದರೆ ಅದನ್ನು ಕೊಂಡವನ ಅಸಡ್ಡೆಯೆಂದು ತಳ್ಳಿಹಾಕಲಾಗದು.

ಇನ್ನೂ ಗಟ್ಟಿಯಾದ ಆಕ್ಷೇಪ ಕಟ್ಟಡದ ಪಾಲನೆಯದು. ಚಾವಣಿ ರಿಪೇರಿಗೆ ಹಣ ಕೊಡುತ್ತೇನೆ ಎಂಬಂಥ ಕರಾರು ಫ್ರೀಹೋಲ್ಡ್ ಆಸ್ತಿಯಲ್ಲಿ ಮುಂದಿನ ಖರೀದಿದಾರನನ್ನು ತಾನಾಗಿ ಕಟ್ಟಿಹಾಕುವುದಿಲ್ಲ. 1885ರಷ್ಟು ಹಿಂದೆಯೇ ಗಟ್ಟಿಯಾದ ಈ ನಿಯಮವನ್ನು 1994ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮತ್ತೆ ಎತ್ತಿಹಿಡಿಯಿತು. ಲೀಸಿನಲ್ಲಾದರೆ ಈ ತೊಡಕಿಲ್ಲ, ಆದ್ದರಿಂದ ಫ್ಲ್ಯಾಟಿಗೆ ಲೀಸೇ ಬೇಕು ಎಂದು ವಕೀಲರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಇದಕ್ಕೆ ಉತ್ತರ ಪಕ್ಕದಲ್ಲೇ ಇದೆ. ಸ್ಕಾಟ್‌ಲೆಂಡಿನಲ್ಲಿ 1974ರ ನಂತರ ವಾಸದ ಮನೆಗಳಿಗೆ 20 ವರ್ಷ ಮೀರಿದ ಹೊಸ ಲೀಸು ಬರೆಯಲು ಸಾಮಾನ್ಯವಾಗಿ ಅವಕಾಶವಿಲ್ಲ. ಗ್ಲಾಸ್ಗೋ, ಎಡಿನ್‌ಬರೋಗಳ ಹಳೆಯ ಬಹುಮಹಡಿ ಕಟ್ಟಡಗಳ ನಿವಾಸಿಗಳು ತಂತಮ್ಮ ಫ್ಲ್ಯಾಟಿನ ಪೂರ್ಣ ಒಡೆಯರು, ಜಂಟಿ ಪಾಲನೆಗೆ 2004ರ ಟೆನಮೆಂಟ್ಸ್ ಕಾಯ್ದೆ ಇದೆ. ರಿಪೇರಿಗೆ ಒಪ್ಪದ ನೆರೆಯವನ ಸಮಸ್ಯೆ ಅಲ್ಲೂ ಇದೆ, ಆದರೆ ಅದನ್ನು ಬಗೆಹರಿಸಲು ಮೂರನೆಯವನಿಗೆ ನೆಲಬಾಡಿಗೆ ಕೊಡಬೇಕಿಲ್ಲ. ಇಂಗ್ಲೆಂಡ್ ಕೂಡ 2002ರಲ್ಲೇ ಕಾಮನ್‌ಹೋಲ್ಡ್ ಎಂಬ ಪರ್ಯಾಯವನ್ನು ಕಾನೂನಾಗಿಸಿತು: ಫ್ಲ್ಯಾಟು ಕಾಲಮಿತಿಯಿಲ್ಲದೆ ನಿಮ್ಮದು, ಸಾಮಾನ್ಯ ಭಾಗಗಳು ನಿವಾಸಿಗಳ ಸಂಘದ್ದು. ಎರಡು ದಶಕಗಳಲ್ಲಿ ಹಾಗೆ ಕಟ್ಟಿದ ಯೋಜನೆಗಳು ಇಪ್ಪತ್ತನ್ನೂ ಮುಟ್ಟಲಿಲ್ಲ. ಕಾಯ್ದೆಯಲ್ಲಿ ತಾಂತ್ರಿಕ ಕೊರತೆಗಳಿದ್ದವು, ಬ್ಯಾಂಕುಗಳು ಹಿಂಜರಿದವು. ಅವಕ್ಕಿಂತ ದೊಡ್ಡ ಕಾರಣ, ಲೀಸು ಬರೆದರೆ ಮುಂದೆ ಮಾರಲು ಫ್ರೀಹೋಲ್ಡ್ ಕೈಯಲ್ಲುಳಿಯುವಾಗ ಬಿಲ್ಡರ್ ಸ್ವಂತ ಇಚ್ಛೆಯಿಂದ ಅದನ್ನು ಬಿಟ್ಟುಕೊಡುವುದಿಲ್ಲ. 2025ರ ಮಾರ್ಚಿನ ಶ್ವೇತಪತ್ರದಲ್ಲಿ ಸರ್ಕಾರ ಹೊಸ ಲೀಸ್‌ಹೋಲ್ಡ್ ಫ್ಲ್ಯಾಟುಗಳನ್ನೇ ನಿಷೇಧಿಸುವ ಇಂಗಿತ ತೋರಿದ್ದು ಅದಕ್ಕೇ ಸರಿ.

ಪಿಂಚಣಿ ನಿಧಿಗಳು ನೆಲಬಾಡಿಗೆಯಲ್ಲಿ ಹಣ ತೊಡಗಿಸಿವೆ, ಅವುಗಳ ಆಸ್ತಿಹಕ್ಕಿನ ಗತಿಯೇನು ಎಂಬುದು ಉಳಿದ ಪ್ರಶ್ನೆ. ಇದು ಹಳೆಯದೇ. 1967ರ ಕಾಯ್ದೆ ಲೀಸಿನ ಮನೆಗಳನ್ನು ನಿವಾಸಿಗಳೇ ಕೊಂಡುಕೊಳ್ಳಲು ಹಕ್ಕು ಕೊಟ್ಟಾಗ ಡ್ಯೂಕ್ ಆಫ್ ವೆಸ್ಟ್‌ಮಿನ್‌ಸ್ಟರ್ ಎಸ್ಟೇಟಿನ ಟ್ರಸ್ಟಿಗಳು ಲಂಡನ್ನಿನ ಬೆಲ್‌ಗ್ರೇವಿಯಾದ ಸುಮಾರು 80 ಮನೆಗಳ ವಿಚಾರ ಹಿಡಿದು ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು, 1986ರಲ್ಲಿ ಸೋತರು. 2024ರ ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ ವಿರುದ್ಧ ಫ್ರೀಹೋಲ್ಡರುಗಳು ಹೂಡಿದ ದಾವೆಯನ್ನು 2025ರ ಅಕ್ಟೋಬರಿನಲ್ಲಿ ಲಂಡನ್ ಹೈಕೋರ್ಟ್ ತಳ್ಳಿಹಾಕಿತು. ಹೂಡಿಕೆದಾರರಿಗೆ ನಷ್ಟವಾಗುವುದು ಸುಳ್ಳಲ್ಲ. ಆದರೆ ಇನ್ನೊಬ್ಬರ ಮನೆಯ ಅವಧಿ ಸವೆಯುವುದರಿಂದ ಹುಟ್ಟುವ ಲಾಭಕ್ಕೆ ಕಾನೂನು ಎಂದೆಂದಿಗೂ ಕಾವಲಿರಬೇಕೆಂದು ಕೇಳುವ ಹಕ್ಕು ಅವರಿಗಿಲ್ಲ.

2024ರ ಆ ಕಾಯ್ದೆ ವಿಸ್ತರಣೆಯನ್ನು 990 ವರ್ಷಕ್ಕೇರಿಸಿ ಮ್ಯಾರೇಜ್ ವ್ಯಾಲ್ಯೂವನ್ನು ತೆಗೆದುಹಾಕುತ್ತದೆ. ಆದರೆ ಈ ಮುಖ್ಯ ಭಾಗಗಳು 2025 ಮುಗಿದರೂ ಜಾರಿಗೆ ಬಂದಿರಲಿಲ್ಲ. ಬಂದದ್ದರಲ್ಲಿ ಒಂದು, ಕೊಂಡು ಎರಡು ವರ್ಷ ಕಾಯದೆ ವಿಸ್ತರಣೆ ಕೇಳುವ ಹಕ್ಕು. ಅದು 2025ರ ಜನವರಿ 31ರಿಂದ ಸಿಕ್ಕಿದೆ. ಆದ್ದರಿಂದ ಈಗ ಕೊಳ್ಳುವವರಿಗೆ 82, 83 ವರ್ಷ ಉಳಿದ ಫ್ಲ್ಯಾಟೇ ಹೆಚ್ಚು ಯೋಚನೆಗೆ ಹಚ್ಚುವಂಥದು: 80 ದಾಟಿ ಕೆಳಗಿಳಿಯುವ ಮುನ್ನ ಹಳೆಯ ನಿಯಮದಲ್ಲೇ ವಿಸ್ತರಿಸಿಕೊಳ್ಳಬೇಕೋ, ಹೊಸದಕ್ಕೆ ಕಾಯಬೇಕೋ? ಕಾಂಟ್ರಾಕ್ಟ್ ವಿನಿಮಯಕ್ಕೆ ಮುನ್ನವೇ ಎರಡೂ ಲೆಕ್ಕಗಳನ್ನು ಮೌಲ್ಯಮಾಪಕರಿಂದ ಬರಹದಲ್ಲಿ ಪಡೆದು ಮಾರುವವನೊಡನೆ ಬೆಲೆ ಮಾತಾಡಬೇಕು. ಹೊಸ ಲೆಕ್ಕಕ್ಕೆ ಬೇಕಾದ ಬಡ್ಡಿದರಗಳನ್ನು ನಿಗದಿ ಮಾಡಬೇಕಾದ್ದು ಮಂತ್ರಿಗಳು. ಆ ಆದೇಶ ತಡವಾದ ಒಂದೊಂದು ತಿಂಗಳೂ ಒಂದಷ್ಟು ಲೀಸುಗಳು 80ರ ಕೆಳಕ್ಕೆ ಜಾರುತ್ತಲೇ ಇರುತ್ತವೆ.