ಪಟಗಳಿಗೆ ಊರಿನ ಹೆಸರು

ಶಾಲಾ ಪ್ರವಾಸದ ಬಸ್ಸು ಊರಿಗೆ ಮರಳುವ ಮೊದಲೇ ಪೋಷಕರ ವಾಟ್ಸ್ಆ್ಯಪ್ ಗುಂಪು ಚಿತ್ರಗಳಿಂದ ತುಂಬಿರುತ್ತದೆ. ಮಡಿಕೇರಿ, ಶ್ರೀರಂಗಪಟ್ಟಣ, ಮೈಸೂರು ಎಂದು ಎರಡು ದಿನ ಸುತ್ತಿದ ಮಕ್ಕಳ ನೂರಾರು ಚಿತ್ರಗಳಲ್ಲಿ ಯಾವುದು ಎಲ್ಲಿಯದೆಂಬುದು ವರ್ಷ ಕಳೆದರೆ ತೆಗೆದವರಿಗೇ ನೆನಪಿರುವುದಿಲ್ಲ. ದಿನಾಂಕದ ಪ್ರಕಾರ ಜೋಡಿಸಿಟ್ಟರೂ ಪ್ರಯೋಜನ ಅಷ್ಟಕ್ಕಷ್ಟೆ. ಮನೆಯಲ್ಲಿ ಯಾರೂ ಜನವರಿ 11ರ ಪಟ ತೋರಿಸೆಂದು ಕೇಳುವುದಿಲ್ಲ. ಬೇಕಲದ ಪಟ ಎಲ್ಲಿ ಎಂದೇ ಕೇಳುತ್ತಾರೆ.

ಕ್ಯಾಮರಾಕ್ಕೆ ಸ್ಥಳ ತಿಳಿಯುವ ಅನುಮತಿ ನೀಡಿದ್ದರೆ, ಚಿತ್ರ ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಮೊಬೈಲು ಚಿತ್ರದ ಕಡತದೊಳಗೇ ಬರೆದಿಡುತ್ತದೆ. ಸಮಾಜವಿಜ್ಞಾನದ ಪಾಠದಲ್ಲಿ ಮಕ್ಕಳು ಕಲಿಯುವ ಗೆರೆಗಳೇ ಇವು. ಒಂದು ಡಿಗ್ರಿ ಅಕ್ಷಾಂಶವೆಂದರೆ ನೆಲದ ಮೇಲೆ ಸುಮಾರು 111 ಕಿಲೊಮೀಟರ್. ದಶಮಾಂಶದ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಅದು 11 ಮೀಟರಿಗೆ ಇಳಿಯುತ್ತದೆ. ಕೋಟೆಯ ಯಾವ ಬುರುಜೆಂದು ಗುರುತಿಸಲು ಅಷ್ಟು ಸಾಕು.

ತೊಡಕಿರುವುದು ಹೆಸರಿನಲ್ಲಿ. ಅಂಕಿಗಳನ್ನು ಊರಿನ ಹೆಸರಾಗಿ ಓದಿ ಹೇಳುವುದು ನಕ್ಷೆ. ಬೇಕಲ ಕೋಟೆಯಲ್ಲಿ ತೆಗೆದ ಪಟಕ್ಕೆ ಅದು ಪಳ್ಳಿಕೆರೆಯೆಂದು ಹೆಸರಿಟ್ಟರೆ ತಪ್ಪೆನ್ನುವಂತಿಲ್ಲ, ಕೋಟೆಯಿರುವುದು ಆ ಪಂಚಾಯತಿನಲ್ಲೇ. ಮಂಜೇಶ್ವರ ಅಲ್ಲಿ ಮಂಜೇಶ್ವರಂ ಆಗಬಹುದು. ಹೊಸದುರ್ಗದ ಪಟಗಳು ಕಾಞಂಗಾಡು ಎಂಬ ಹೆಸರಿನಡಿ ಸೇರಬಹುದು. ರೈಲು ನಿಲ್ದಾಣದ ಹೆಸರೂ ಅದೇ. ಇಕ್ಕೇರಿಯ ನಾಯಕರು ಅಲ್ಲಿ ಕಟ್ಟಿಸಿದ ಹೊಸ ಕೋಟೆಯಿಂದ ಬಂದ ಹೆಸರು ತಾಲೂಕಿನಲ್ಲಿ ಇಂದಿಗೂ ಉಳಿದಿದೆ. ಆದರೆ ಮೊಬೈಲು ತೋರಿಸಿದ್ದನ್ನಷ್ಟೇ ನೋಡುತ್ತ ಬೆಳೆಯುವ ಮಗುವಿಗೆ, ಅಜ್ಜಿ ಹೇಳುವ ಹೊಸದುರ್ಗ ಬೇರೆ ಯಾವುದೋ ಊರಾಗಿ ಕೇಳಿಸೀತು. ಅಲ್ಲದೆ ಚಿತ್ರದುರ್ಗ ಜಿಲ್ಲೆಯಲ್ಲಿಯೂ ಒಂದು ಹೊಸದುರ್ಗವಿದೆ. ಇಲ್ಲಿ ಅಂಕಿಯ ಉಪಕಾರವನ್ನು ಒಪ್ಪಲೇಬೇಕು: ಹೆಸರು ಒಂದೇ ಆದರೂ ಅದು ಎರಡು ಊರುಗಳನ್ನು ಬೆರೆಸುವುದಿಲ್ಲ.

ಆದುದರಿಂದ ಮೊಬೈಲಿನ ವಿಂಗಡಣೆಯನ್ನು ಮೊದಲ ಹಂತವಾಗಿ ಬಳಸಿಕೊಂಡು, ಅದರ ಮೇಲೆ ಮನೆಯವರೇ ಆಲ್ಬಮ್ ಮಾಡಿ ಕನ್ನಡದಲ್ಲಿ ಹೆಸರಿಡುವುದು ಲೇಸು. ‘ಹೊಸದುರ್ಗ ಕೋಟೆ, ಕಾಸರಗೋಡು, 2024’ ಎಂಬಷ್ಟು ಸಾಕು. ಆಡುವ ಹೆಸರು ಬೇರೆ, ನಕ್ಷೆಯ ಹೆಸರು ಬೇರೆ ಇದ್ದಲ್ಲಿ ಎರಡನ್ನೂ ಬರೆದರೆ ಹುಡುಕುವಾಗ ಯಾವುದರಿಂದಲೂ ಸಿಗುತ್ತದೆ. ಈ ಕೆಲಸವನ್ನು ಪ್ರವಾಸದಿಂದ ಬಂದ ವಾರದೊಳಗೆ ಮಕ್ಕಳಿಂದಲೇ ಮಾಡಿಸಬೇಕು. ರಜೆ ಬರಲಿ ಎಂದು ಮುಂದೂಡಿದ್ದು ಮುಂದೆಯೇ ಹೋಗುತ್ತಿರುತ್ತದೆ.

ಹಂಚುವಾಗ ಒಂದು ವಿಚಾರ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿನಂತೆ ಫೋಟೊ ಕಳುಹಿಸಿದರೆ ಅದರೊಳಗಿನ ಸ್ಥಳದ ಅಂಕಿಗಳು ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತವೆ. ಗುಂಪಿನಿಂದ ಪಟ ಇಳಿಸಿಕೊಂಡವರು ಊರಿನ ಹೆಸರನ್ನು ತಾವೇ ಸೇರಿಸಬೇಕಾಗುವುದು ಇದರಿಂದಲೇ. ಕೋಟೆಯ ಪಟವನ್ನು ಅಂಕಿಸಹಿತ ಕೊಟ್ಟರೆ ಬಾಧಕವಿಲ್ಲ. ಮನೆಯ ಜಗಲಿಯಲ್ಲಿ ನಿಂತ ಮಗುವಿನ ಪಟವನ್ನು ಹಾಗೆ ಅಪರಿಚಿತರಿಗೆ ತಲುಪಿಸುವುದೆಂದರೆ, ಮನೆಯ ದಾರಿಯನ್ನೂ ತೋರಿಸಿಕೊಟ್ಟಂತೆ. ಆಲ್ಬಮಿನ ಕೊಂಡಿ ಹಂಚುವ ಮೊದಲು ಸ್ಥಳವನ್ನು ತೋರಿಸುವ ಆಯ್ಕೆ ತೆರೆದಿದೆಯೇ ಎಂದು ಹಿರಿಯರು ಒಮ್ಮೆ ನೋಡಿಕೊಳ್ಳುವುದು ಅಗತ್ಯ.

ಕಪಾಟಿನಲ್ಲಿರುವ ಹಳೆಯ ಕಾಗದದ ಪಟಗಳಿಗೆ ಈ ಯಾವ ಅಂಕಿಯೂ ಇಲ್ಲ. ಅವನ್ನು ಮೊಬೈಲಿನಲ್ಲಿ ಮತ್ತೆ ಪಟ ತೆಗೆದರೆ ದಾಖಲಾಗುವುದು ಮನೆಯ ಸ್ಥಳವೇ. ಧರ್ಮಸ್ಥಳದ ಪಟವೂ ಮನೆಯದಾಗಿ ಕೂರುತ್ತದೆ. ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದಕ್ಕೂ ಊರಿನ ಹೆಸರು ಕೇಳಿ ಕೈಯಿಂದ ಸೇರಿಸಬೇಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನಾದರೂ ಬರೆದಿದ್ದರೆ ಅದನ್ನೂ ಒಂದು ಪಟ ತೆಗೆದು ಜೊತೆಗೇ ಇಡುವುದು ಒಳ್ಳೆಯದು.